ಉಣಿಸದಮ್ಮನ ಹೊಂಡ

ಕಂಚೋಬನಹಾಳಿನ ಬಸ್ ನಿಲ್ದಾಣದಲ್ಲಿ ಇಳಿದು ಕರಿಗಲ್ಲು ಗುಡ್ಡದ ಕಡೆಗೆ ಹತ್ತು ನಿಮಿಷ ನಡೆದರೆ ಎಡಗಡೆಗೆ ಕಲ್ಲಿನ ಮೆಟ್ಟಿಲುಗಳ ಒಂದು ದೊಡ್ಡ ಹೊಂಡ ಕಾಣುತ್ತದೆ. ಪೂರ್ವದ ಬದಿಗೆ ನಲವತ್ತೆರಡು ಮೆಟ್ಟಿಲು, ಉಳಿದ ಮೂರು ಬದಿಗೆ ನಲವತ್ತು. ಒಂದು ಪ್ರವಾಸಿ ಕೈಪಿಡಿಯಲ್ಲಿ ನೂರೆಂಟು ಎಂದು ಅಚ್ಚಾಗಿದೆ. ಎಣಿಸದೆ ಬರೆಯುವವರ ಲೆಕ್ಕ ಯಾವಾಗಲೂ ನೂರೆಂಟೇ ಆಗಿರುತ್ತದೆ. ಈಶಾನ್ಯ ಮೂಲೆಯಲ್ಲಿ ಆಳೆತ್ತರದ ಒಂದು ಗುಡಿ, ಗುಡಿಯೊಳಗೆ ಮೊಣಕಾಲು ಮಡಿಸಿ ಕುಳಿತ ಹೆಂಗಸಿನ ಕಲ್ಲು. ಕಿರೀಟವಿಲ್ಲ, ಆಯುಧವಿಲ್ಲ, ಎರಡಕ್ಕಿಂತ ಹೆಚ್ಚು ಕೈಗಳಿಲ್ಲ. ಈ ದೇವಿಗೆ ಹೂವು ಏರಿಸುತ್ತಾರೆ, ಅರಿಶಿನ ಹಚ್ಚುತ್ತಾರೆ, ಅಷ್ಟೇ. ನೈವೇದ್ಯ ಇಡುವ ಪದ್ಧತಿ ಇಲ್ಲ. ಕಾಯಿ ಒಡೆಯುವುದಿಲ್ಲ, ಹಣ್ಣು ತರುವುದಿಲ್ಲ, ಬಂದವರಿಗೆ ಪ್ರಸಾದವನ್ನೂ ಕೊಡುವುದಿಲ್ಲ. ದೇವಿಯ ಹೆಸರು ಉಣಿಸದಮ್ಮ.

ಹಸಿದವರಿಗೆ ಅನ್ನವಿಕ್ಕಿದ ತಾಯಂದಿರನ್ನು ಊರೂರಲ್ಲಿ ಪೂಜಿಸುವ ನಾಡಿನಲ್ಲಿ, ಉಣಿಸಲಿಲ್ಲ ಎಂಬ ಕಾರಣಕ್ಕೆ ಒಬ್ಬ ಹೆಂಗಸಿಗೆ ಗುಡಿ ಕಟ್ಟಿರುವುದು ಹೊಸಬರಿಗೆ ವಿಚಿತ್ರವಾಗಿ ಕಾಣುತ್ತದೆ. ಇದೇ ಮುಜುಗರದಿಂದಲೋ ಏನೋ, ಹೋದ ವರ್ಷ ಊರಿನ ಸಮಿತಿಯೊಂದು ರಸ್ತೆಯ ತಿರುವಿನಲ್ಲಿ ‘ಶ್ರೀ ಅನ್ನಪೂರ್ಣಾ ತೀರ್ಥ’ ಎಂದು ಹೊಸ ಬೋರ್ಡು ನಿಲ್ಲಿಸಿದೆ. ಉದ್ದೇಶ ಒಳ್ಳೆಯದೇ ಇರಬಹುದು, ಹೆಸರು ಮಾತ್ರ ತಪ್ಪು. ತಪ್ಪು ಹೆಸರು ಅಭ್ಯಾಸವಾಗಿಬಿಟ್ಟರೆ ಅದರ ಹಿಂದಿನ ಸಂಗತಿ ಮರೆತುಹೋಗುತ್ತದೆ. ಈ ಸಂಗತಿಯಂತೂ ಮರೆಯತಕ್ಕದ್ದಲ್ಲ. ನನಗೆ ಇದನ್ನು ಹೇಳಿದವಳು ಬೆಸ್ತರ ಮನೆಯ ಹಂಪವ್ವ. ಎಂಬತ್ತು ದಾಟಿದ ಹೆಂಗಸು, ಓದು ಬಾರದವಳು, ಆದರೆ ಮಾತಿನಲ್ಲಿ ಬಹಳ ಕಟ್ಟುನಿಟ್ಟು. ಮೂರು ಬೇರೆ ಬೇರೆ ವರ್ಷಗಳಲ್ಲಿ ಮೂರು ಸಲ ಕೇಳಿದ್ದೇನೆ. ಮೂರು ಸಲವೂ ಒಂದೇ ರೀತಿ ಬಂದದ್ದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಹಿಂದೆ ಒಮ್ಮೆ, ಕರಿಗಲ್ಲು ಗುಡ್ಡದ ಮೇಲೆ ತಿಪ್ಪನಾಯಕನೆಂಬ ಪಾಳೆಯಗಾರ ಇದ್ದ ಕಾಲದಲ್ಲಿ, ಮೇಲಿನ ಕೋಟೆಗೂ ಕೆಳಗಿನ ಊರಿಗೂ ಕುಡಿಯುವ ನೀರೆಂದರೆ ಈ ಹೊಂಡದ್ದೇ ಆಗಿತ್ತು ಎನ್ನುತ್ತಾರೆ. ಗುಡ್ಡದ ಸೆರಗಿನಲ್ಲಿ ಹುಟ್ಟುವ ಒಂದು ತೊರೆ ಕಾಲುವೆಯಾಗಿ ಬಂದು ಪಡುವಣ ಬದಿಯ ಕಲ್ಲಿನ ದೋಣಿಯಿಂದ ಹೊಂಡಕ್ಕೆ ಬೀಳುತ್ತಿತ್ತು. ನೀರು ಎಷ್ಟು ತಿಳಿಯಾಗಿತ್ತೆಂದರೆ ಮುಳುಗಿದ ಹನ್ನೆರಡನೆಯ ಮೆಟ್ಟಿಲಿನ ಮೇಲೆ ಕೆತ್ತಿದ್ದ ತಾವರೆಯ ಎಸಳುಗಳನ್ನು ಮೇಲಿನಿಂದಲೇ ಎಣಿಸಬಹುದಾಗಿತ್ತಂತೆ. ಆ ನೀರಿನಲ್ಲಿ ಗೆಂಡೆಮೀನುಗಳಿದ್ದವು. ಮಕ್ಕಳಷ್ಟು ಉದ್ದದವು, ಚಿನ್ನದ ಬಣ್ಣಕ್ಕೆ ತಿರುಗಿದ ಹೊಟ್ಟೆಯವು. ಊರಿನ ಬೆಸ್ತರು ಹೊಳೆಯಲ್ಲಿ ಬಲೆ ಬೀಸಿ ಬದುಕುತ್ತಿದ್ದರು, ಆದರೆ ಹೊಂಡದ ಮೀನನ್ನು ಮುಟ್ಟುತ್ತಿರಲಿಲ್ಲ. ಮುಟ್ಟುವುದಿರಲಿ, ಅವುಗಳನ್ನು ಮೀನು ಎಂದು ಕರೆಯುವುದೂ ನಿಷಿದ್ಧ. ‘ನೀರಿನ ಹಿರಿಯರು’ ಎನ್ನಬೇಕಾಗಿತ್ತು. ಮರೆತು ಮೀನು ಎಂದ ಸೊಸೆಗೆ ಅತ್ತೆ ಆ ದಿನ ಊಟ ಹಾಕುತ್ತಿರಲಿಲ್ಲ.

ಆ ಹಿರಿಯರಿಗೆ ಉಣಿಸುವ ಹಕ್ಕು ಬೆಸ್ತರ ಒಂದೇ ಮನೆತನದ ಹೆಂಗಸರದ್ದು. ಅತ್ತೆಯಿಂದ ಸೊಸೆಗೆ ಬರುವಂಥದ್ದು. ಹೊತ್ತು ಮೂಡುವಾಗ ಆಕೆ ಪೂರ್ವದ ಮೆಟ್ಟಿಲಿಳಿದು ಒಂದು ಹಿಡಿ ನುಚ್ಚು ಹಾಕಬೇಕು. ಅದಕ್ಕೆ ಮೊದಲಹಿಡಿ ಎಂದು ಹೆಸರು. ಮೊದಲಹಿಡಿ ಬೀಳದೆ ಬೇರೆ ಯಾರೂ, ಪಾಳೆಯಗಾರನೇ ಆಗಲಿ, ಹೊಂಡಕ್ಕೆ ಒಂದು ಕಾಳನ್ನೂ ಹಾಕುವಂತಿರಲಿಲ್ಲ. ಹಾಗೆ ಹಾಕಿದ ಅನ್ನ ಹಿರಿಯರಿಗೆ ಮುಟ್ಟದೆ ಸತ್ತವರ ಪಾಲಾಗುತ್ತದೆ ಎಂದು ನಂಬಿಕೆ. ತಿಪ್ಪನಾಯಕನ ಕಾಲದಲ್ಲಿ ಈ ಹಕ್ಕು ಮಾಳವ್ವ ಎಂಬವಳಿಗೆ ಬಂದಿತ್ತು. ಗಂಡ ಹೊಳೆಯ ಪಾಲಾಗಿದ್ದ, ಮಕ್ಕಳಿರಲಿಲ್ಲ. ವಯಸ್ಸು ಐವತ್ತರ ಸುಮಾರು. ಹೊಂಡದ ಹಿರಿಯರ ಹೊರತು ಆಕೆಗೆ ನೋಡಿಕೊಳ್ಳಲು ಯಾರೂ ಇರಲಿಲ್ಲ.

ಆ ವರ್ಷ ಪಾಳೆಯಗಾರನಿಗೆ ಕೋಟೆಯ ಹೊಸ ಬತೇರಿ ಕಟ್ಟಿಸುವ ಆತುರ ಹತ್ತಿತು. ದಪ್ಪ ಕಲ್ಲುಗಳನ್ನು ಗುಡ್ಡದ ಮೇಲಕ್ಕೆ ಎಳೆಸಬೇಕು, ಎಳೆಸಲು ತೋಳುಗಾತ್ರದ ಹಗ್ಗಗಳು ಬೇಕು. ಊರಿನ ಹಗ್ಗ ಹೊಸೆಯುವವರ ಯಜಮಾನ ಸಣ್ಣೀರಪ್ಪನನ್ನು ಕರೆಸಿ, ತಿಂಗಳೊಪ್ಪತ್ತಿನಲ್ಲಿ ಹಗ್ಗ ಸಿದ್ಧವಾಗಬೇಕು ಎಂದು ಅಪ್ಪಣೆ ಮಾಡಿದ. ಪುಂಡಿಯ ಗಿಡದಿಂದ ನಾರು ತೆಗೆಯುವ ಕ್ರಮ ತಿಳಿಯದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಕೊಯ್ದ ಪುಂಡಿಯ ದಂಟನ್ನು ಕಂತೆ ಕಟ್ಟಿ, ಕಲ್ಲು ಹೇರಿ, ಎರಡು ಮೂರು ವಾರ ನೀರಿನಲ್ಲಿ ಕೊಳೆಹಾಕುತ್ತಾರೆ. ತೊಗಟೆ ಕೊಳೆತು ಕರಗಿದ ಮೇಲೆ ನಾರು ಬಿಡಿಸಿಕೊಳ್ಳುತ್ತದೆ. ಕೊಳೆತ ನೀರು ಕಪ್ಪಗಾಗಿ ದುರ್ನಾತ ಹೊಡೆಯುತ್ತದೆ. ಆದ್ದರಿಂದಲೇ ಊರಿನ ಪೂರ್ವಿಕರು ಅದಕ್ಕೆ ಗುಡ್ಡದ ಆಚೆಯ ಇಳಿಜಾರಿನಲ್ಲಿ, ಊರಿನ ನೀರಿಗೆ ಸಂಬಂಧವಿಲ್ಲದ ಕಡೆ, ಒಂದು ಗುಂಡಿಯನ್ನು ಗೊತ್ತುಮಾಡಿದ್ದರು. ಆ ಗುಂಡಿಗೆ ಹಿಡಿಯುವುದು ನಲವತ್ತು ಕಂತೆ. ಪಾಳೆಯಗಾರನ ಹಗ್ಗಕ್ಕೆ ಮುನ್ನೂರು ಕಂತೆ ಬೇಕಾಗಿತ್ತು. ಸಣ್ಣೀರಪ್ಪ ಒಂದು ದಿನ ಯೋಚಿಸಿ, ದೀಪಾವಳಿಯ ಮಾರನೆಯ ದಿನ ಉಳಿದ ಕಂತೆಗಳನ್ನೆಲ್ಲ ಹೊಂಡದ ಕಾಲುವೆಯಲ್ಲಿ ಮುಳುಗಿಸಿದ. ಹರಿಯುವ ನೀರಿಗೆ ಯಾವ ಮೈಲಿಗೆ ಎಂದು ಹೇಳಿ, ಆಕ್ಷೇಪಿಸಿದವರ ಬಾಯಿ ಮುಚ್ಚಿಸಿದ. ಅದು ಸುಳ್ಳು ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಏಕೆಂದರೆ ಎಲ್ಲರೂ ನಂಬಿದ್ದ ಮಾತು ಅದು.

ಎಂಟನೆಯ ದಿನ ಬೆಳಗ್ಗೆ ಮಾಳವ್ವ ಮೊದಲಹಿಡಿಗೆ ಇಳಿದಾಗ ಹಿರಿಯರು ಆಗಲೇ ಮೇಲೆ ಬಂದಿದ್ದರು. ಎಂದಿನಂತೆ ಆಳದಿಂದ ಏರಿ, ನುಚ್ಚು ಕಚ್ಚಿಕೊಂಡು, ಮತ್ತೆ ಇಳಿಯುವ ರೀತಿಯಲ್ಲಿ ಅಲ್ಲ. ನೂರಾರು ಬಾಯಿಗಳು ನೀರಿನ ಮೇಲಕ್ಕೆ ಚಾಚಿ, ದುಂಡಗೆ ತೆರೆದು, ಮುಚ್ಚಿ, ಮತ್ತೆ ತೆರೆಯುತ್ತಿದ್ದವು. ಮಾಳವ್ವನಿಗೆ ಸಂತೋಷದಿಂದ ಕಣ್ಣು ತುಂಬಿ ಬಂತಂತೆ. ಹಿರಿಯರು ಬಾಯಿಬಿಟ್ಟು ಕೇಳುತ್ತಿದ್ದಾರೆ ಎಂದುಕೊಂಡಳು. ಒಂದು ಹಿಡಿಯ ಬದಲು ಮಡಿಲಿನಲ್ಲಿದ್ದದ್ದನ್ನೆಲ್ಲ ಸುರಿದಳು. ಮಾರನೆಯ ದಿನ ಮೊರ ತುಂಬ ತಂದಳು. ಸುದ್ದಿ ಹಬ್ಬಿತು. ಕಾರ್ತಿಕ ಮಾಸ, ಮೊದಲೇ ಪುಣ್ಯದ ದಿನಗಳು. ಸುತ್ತಲ ಹಳ್ಳಿಗಳಿಂದ ಜನ ಮಂಡಕ್ಕಿ, ಜೋಳದ ಅರಳು, ಹಿಟ್ಟಿನ ಉಂಡೆ ಹಿಡಿದು ಬಂದರು. ‘ನಮ್ಮೂರ ದೇವರು ಬಾಯಿ ತೆರೆಯೋದಿಲ್ಲ, ಇಲ್ಲಿಯವು ನೋಡು ಹೆಂಗೆ ಕೇಳ್ತಾವೆ’ ಎಂದು ಒಬ್ಬರಿಗೊಬ್ಬರು ತೋರಿಸಿಕೊಂಡರು. ಆ ವಾರವೆಲ್ಲ ಆಕಾಶಕ್ಕೆ ಮೋಡ ಮುಚ್ಚಿಕೊಂಡಿತ್ತು. ಮಳೆ ಇಲ್ಲ, ಗಾಳಿ ಇಲ್ಲ, ಬಿಸಿಲೂ ಇಲ್ಲ. ಹೊಂಡದ ನೀರು ಚಹಾದ ಬಣ್ಣಕ್ಕೆ ತಿರುಗಿದ್ದನ್ನು ಜನ ಮೋಡದ ನೆರಳು ಎಂದು ತಿಳಿದರು.

ಒಂಬತ್ತು ದಿನ ಹೀಗೆ ನಡೆಯಿತು. ಹತ್ತನೆಯ ಬೆಳಗ್ಗೆ ಮಾಳವ್ವ ಪೂರ್ವದ ಮೆಟ್ಟಿಲು ಇಳಿಯುವಾಗ ಕಾಲಿಗೆ ಏನೋ ಪುಡಿಯಾಯಿತು. ಬಗ್ಗಿ ನೋಡಿದರೆ ಬಸವನಹುಳು. ಒಂದಲ್ಲ, ಎರಡಲ್ಲ, ನೀರಿನಿಂದ ಮೂರು ಮೆಟ್ಟಿಲು ಮೇಲಿನವರೆಗೆ ಕಲ್ಲೇ ಕಾಣದ ಹಾಗೆ ಬಸವನಹುಳುಗಳು ಹತ್ತಿ ಕುಳಿತಿದ್ದವು. ಅವುಗಳ ನಡುವೆ ಸೀಗಡಿಗಳು ಬೆನ್ನು ಬಾಗಿಸಿಕೊಂಡು ಬಿದ್ದಿದ್ದವು. ಏಡಿಗಳು ಗೋಡೆಯ ಸಂದಿಗೆ ಏರಿದ್ದವು. ನೀರಿನಲ್ಲಿ ಹುಟ್ಟಿ ನೀರಿನಲ್ಲೇ ಸಾಯಬೇಕಾದ ಜೀವಗಳೆಲ್ಲ ನೀರನ್ನು ಬಿಟ್ಟು ಓಡಿಬಂದಿದ್ದವು. ಅವಳು ಅಲ್ಲೇ ಕುಳಿತಳು. ಹಾಕಿದ ನುಚ್ಚು ತೆರೆದ ಬಾಯಿಗಳ ಪಕ್ಕದಲ್ಲೇ ತೇಲಿ, ನೆನೆದು, ಮುಳುಗಿಹೋಯಿತು. ಒಂದು ಬಾಯಿಯೂ ಅದನ್ನು ಕಚ್ಚಲಿಲ್ಲ. ಆಗ ಅವಳು ಜೀವಮಾನದಲ್ಲಿ ಮೊದಲ ಬಾರಿಗೆ ಹಿರಿಯರನ್ನು ಮೀನೆಂದು ನೋಡಿದಳು ಎಂದು ಹಂಪವ್ವ ಹೇಳುತ್ತಾಳೆ. ಬೆಸ್ತರವಳು ಮೀನನ್ನು ನೋಡಿದರೆ ತಿಳಿಯದೆ ಇರುವುದು ಏನಿದೆ? ಬೇಸಿಗೆಯಲ್ಲಿ ಹೊಳೆಯ ಮಡು ಕೊಳೆತಾಗ ಮೀನುಗಳು ಹೀಗೆಯೇ ಮೇಲೆ ಬಂದು ಬಾಯಿ ಬಡಿಯುವುದನ್ನು ಅವಳು ಹುಟ್ಟಿದಾಗಿನಿಂದ ಕಂಡಿದ್ದಳು. ಕೊರಮೀನಾದರೆ ಮೇಲೆ ಬಂದು ಗಾಳಿ ಕುಡಿದು ಬದುಕಿಕೊಳ್ಳುತ್ತದೆ. ಗೆಂಡೆಗೆ ಆ ವಿದ್ಯೆ ಇಲ್ಲ. ಅವು ಹಸಿದಿರಲಿಲ್ಲ. ಅವಕ್ಕೆ ಉಸಿರು ಸಿಗುತ್ತಿರಲಿಲ್ಲ. ಸುರಿದ ಅನ್ನವೆಲ್ಲ ತಳದಲ್ಲಿ ಕೊಳೆತು, ಕಾಲುವೆಯ ಕೊಳೆಗೆ ಕೊಳೆ ಸೇರಿ, ಉಳಿದಿದ್ದ ಉಸಿರನ್ನೂ ನುಂಗುತ್ತಿತ್ತು. ಹಾಗೆ ಸುರಿದವರಲ್ಲಿ ಮೊದಲನೆಯವಳು ಅವಳೇ. ನೋಡುತ್ತಿದ್ದ ಹಾಗೆ ಎಲ್ಲಕ್ಕಿಂತ ದೊಡ್ಡ ಗೆಂಡೆ ಪಕ್ಕಕ್ಕೆ ವಾಲಿ ಹೊಟ್ಟೆ ಮೇಲಾಯಿತು. ಕೆಟ್ಟ ನೀರಿನಲ್ಲಿ ದೊಡ್ಡವು ಮೊದಲು ಹೋಗುತ್ತವೆ.

ಮಾಳವ್ವ ಕಾಲುವೆಯ ದಂಡೆ ಹಿಡಿದು ನಡೆದಳು. ಅರ್ಧ ಹರಿದಾರಿಯಲ್ಲಿ ಮೂಗಿಗೆ ವಾಸನೆ ಬಡಿಯಿತು. ಅಲ್ಲಿಂದ ನೇರವಾಗಿ ಸಣ್ಣೀರಪ್ಪನ ಅಂಗಳಕ್ಕೆ ಹೋಗಿ ಕಂತೆ ಎತ್ತಿಸು ಎಂದಳು.

‘ಯಾಕೆ ಮಾಳಕ್ಕ, ನಿನ್ನ ಹಿರಿಯರಿಗೆ ನಮ್ಮ ಪುಂಡಿ ವಾಸನೆ ಹಿಡಿಸಲಿಲ್ವಾ?’ ಎಂದು ಆತ ನಕ್ಕ. ‘ಇನ್ನೊಂದು ವಾರ ತಡಿ. ನಾರು ಬಿಡ್ತಿದ್ದಂಗೆ ನಾವೇ ಎತ್ತಿಬಿಡ್ತೀವಿ.’

‘ವಾರ ಬಿಟ್ಟು ಎತ್ತೋ ಹೊತ್ತಿಗೆ ಅವೇ ಇರೋದಿಲ್ಲೋ ಸಣ್ಣೀರ.’

‘ಬೆಸ್ತರ ಬಲೆಗೆ ಹೆದರದ ಮೀನು ನಮ್ಮ ನಾರಿಗೆ ಸಾಯ್ತಾವಾ? ಹೋಗು, ಪಾಳೆಯಗಾರನ್ನ ಕೇಳು. ಹಗ್ಗ ನನಗಲ್ಲ ಬೇಕಾಗಿರೋದು.’

ಅವಳು ಕೋಟೆಗೂ ಹೋದಳು. ಬಾಗಿಲಿನವನು ಒಳಗೆ ಬಿಡಲಿಲ್ಲ. ಅಂದು ಒಳಗೆ ಯಾರಿಗೂ ಪ್ರವೇಶವಿರಲಿಲ್ಲ. ಪಾಳೆಯಗಾರನ ಒಬ್ಬನೇ ಮಗ, ಎರಡು ವರ್ಷದ ಕೂಸು, ಹೊಟ್ಟೆ ಕೆಟ್ಟು ಜ್ವರದಲ್ಲಿ ಬಿದ್ದು ಐದು ದಿನವಾಗಿತ್ತು. ಪಾಳೆಯಗಾರನ ತಾಯಿ ಅಡಿವೆವ್ವ ನಾಗತಿ ಮೊಮ್ಮಗನಿಗಾಗಿ ಹರಕೆ ಹೊತ್ತಿದ್ದಳು. ಹಿರಿಯರು ಬಾಯಿಬಿಟ್ಟು ಕೇಳುವಾಗ ಕೋಟೆಯವರು ಏನೂ ಕೊಡದೆ ಇದ್ದದ್ದರಿಂದಲೇ ಕೂಸಿಗೆ ಹೀಗಾಯಿತು, ಬರುವ ಸೋಮವಾರ ಐದು ಬಂಡಿ ಅನ್ನ ಮಾಡಿಸಿ ಹೊಂಡಕ್ಕೆ ಸಮರ್ಪಿಸುತ್ತೇನೆ ಎಂದು. ಬಾಗಿಲಿನವನಿಂದ ಈ ಸುದ್ದಿ ಕೇಳಿ ಮಾಳವ್ವ ಹೊಂಡಕ್ಕೆ ಹಿಂದಿರುಗಿದಳು. ಸೋಮವಾರಕ್ಕೆ ಉಳಿದಿದ್ದದ್ದು ಎರಡೇ ದಿನ. ಆ ಎರಡು ದಿನವೂ ಅವಳು ಮೊದಲಹಿಡಿ ಹಾಕಲಿಲ್ಲ. ಮೆಟ್ಟಿಲ ಮೇಲೆ ಕುಳಿತು, ಮಂಡಕ್ಕಿ ತಂದವರನ್ನು ಹಿಂದಕ್ಕೆ ಕಳಿಸಿದಳು. ‘ಮೀನು ಮಾರಿ ಉಂಡ ಕೈಗೆ ಈಗ ನುಚ್ಚು ಬೀರೋದು ಭಾರವಾಯ್ತು’ ಎಂದು ಒಬ್ಬಳು ಕೈ ತಿರುವಿದಳು. ‘ನುಚ್ಚು ಉಳಿಸಿ ಗಂಜಿ ಕುಡಿತಾಳೆ ಬಿಡ್ರೇ’ ಎಂದು ಇನ್ನೊಬ್ಬಳು. ಮಾಳವ್ವ ಮೊದಲ ಬೆಳಗ್ಗೆ ಹದಿನೇಳು, ಮಾರನೆಯ ಬೆಳಗ್ಗೆ ನಲವತ್ತು ಸತ್ತ ಗೆಂಡೆಗಳನ್ನು ಬುಟ್ಟಿಯಲ್ಲಿ ಹೊತ್ತು ದೂರ ಹೂತು ಬಂದಳು. ಜನ ಅದನ್ನೂ ನೋಡಿದರು. ಉಣಿಸದೆ ಕೊಂದಳು ಎಂದರು.

ಸೋಮವಾರ ಐದು ಬಂಡಿಗಳು ಬಂದು ಪೂರ್ವದ ಮೆಟ್ಟಿಲುಗಳ ಮೇಲ್ತುದಿಯಲ್ಲಿ ನಿಂತವು. ಚಾಪೆಗಳ ಮೇಲೆ ಸುರಿದ ಅನ್ನದ ರಾಶಿ ಆಳೆತ್ತರ, ಅದರ ಆವಿ ಮೋಡದ ಕೆಳಗೆ ಹಾಗೇ ನಿಂತಿತ್ತಂತೆ. ಡೊಳ್ಳು ಬಡಿಯುತ್ತಿತ್ತು. ನಾಗತಿ ಜ್ವರದ ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಮೇಲಿನ ಮೆಟ್ಟಿಲಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ತಿಪ್ಪನಾಯಕ. ಇನ್ನು ಮೊದಲಹಿಡಿ ಒಂದು ಬೀಳಬೇಕು. ಅದು ಬೀಳುವ ತನಕ ಐದು ಬಂಡಿ ಅನ್ನವೂ ಅಲ್ಲೇ ಇರಬೇಕು. ಮಾಳವ್ವ ನೀರಿನ ಅಂಚಿನಲ್ಲಿ ಬಲಗೈಯನ್ನು ಬಿಗಿಯಾಗಿ ಮುಚ್ಚಿಕೊಂಡು ಕುಳಿತಿದ್ದಳು. ಪೂಜಾರಿ ಮೂರು ಸಲ ಕೇಳಿದ. ಅವಳು ಕೈ ಬಿಚ್ಚಲಿಲ್ಲ. ಜನರ ಗುಂಪಿನಲ್ಲಿ ಯಾರೋ ಒಬ್ಬರು ‘ಉಣಿಸದವಳೇ!’ ಎಂದು ಕೂಗಿದರು. ಅದನ್ನು ನಾಲ್ಕು ಬದಿಯ ಮೆಟ್ಟಿಲೂ ಎತ್ತಿಕೊಂಡಿತು. ಉಣಿಸದವಳೇ, ಉಣಿಸದವಳೇ ಎಂದು ಡೊಳ್ಳಿನ ಪೆಟ್ಟಿಗೆ ಸರಿಯಾಗಿ ಕೂಗಿದರು. ನಾಗತಿಯೂ ಕೂಗಿದಳು ಎನ್ನುತ್ತಾರೆ.

ತಿಪ್ಪನಾಯಕ ಕೈ ಎತ್ತಿ ಸದ್ದು ನಿಲ್ಲಿಸಿದ. ‘ಕೈ ಬಿಚ್ಚು’ ಎಂದ.

‘ಬಿಚ್ಚೋದಿಲ್ಲ ದೊರೆ.’

‘ನನ್ನ ಕೂಸು ಸಾಯ್ತಾ ಐತೆ.’

‘ಗೊತ್ತೈತೆ ದೊರೆ. ಅದಕ್ಕೇ ಬಿಚ್ಚೋದಿಲ್ಲ.’

ಹಿಡಿಯನ್ನು ಬಲವಂತದಿಂದ ಬಿಚ್ಚಿಸಿದರೂ ಅದರಿಂದ ಬಿದ್ದದ್ದು ಮೊದಲಹಿಡಿಯೇ ಆಗುತ್ತದೆ ಎಂದು ಪೂಜಾರಿ ಉಪಾಯ ಹೇಳಿದ. ಇಬ್ಬರು ಆಳುಗಳು ಇಳಿದು ಅವಳ ಮಣಿಕಟ್ಟು ಹಿಡಿದು ನೀರಿನ ಮೇಲಕ್ಕೆ ಚಾಚಿ, ಬೆರಳುಗಳನ್ನು ಒಂದೊಂದಾಗಿ ಎತ್ತಿದರು. ಕಿರುಬೆರಳು ಮುರಿದ ಸದ್ದು ಕೇಳಿತಂತೆ. ಆದರೆ ಕೈಯಿಂದ ನುಚ್ಚು ಬೀಳಲಿಲ್ಲ. ಅಂಗೈಯಲ್ಲಿ ಇದ್ದದ್ದು ಕಪ್ಪಗೆ ಕೊಳೆತು ಲೋಳೆಯಾದ ತೊಗಟೆಯ ಒಂದು ಮುದ್ದೆ. ಅದರ ನಾತಕ್ಕೆ ಆಳುಗಳು ಕೈ ಬಿಟ್ಟು ಮುಖ ತಿರುಗಿಸಿದರು, ಪೂಜಾರಿ ಉತ್ತರೀಯ ಮೂಗಿಗೆ ಹಿಡಿದ. ಹಗ್ಗ ಹೊಸೆಯುವವರ ಸಾಲಿನಲ್ಲಿ ಒಬ್ಬ ಹೆಂಗಸು, ‘ಅಯ್ಯೋ, ಇದು ನಮ್ಮ ಪುಂಡಿ’ ಎಂದು ಮೆಲ್ಲಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಸಣ್ಣೀರಪ್ಪ ಎದ್ದು ನಿಲ್ಲಬೇಕಾಯಿತು.

‘ನಮ್ಮದೇ ದೊರೆ’ ಎಂದ ಅವನು. ಈಗ ಅವನ ಮುಖದಲ್ಲಿ ನಗೆ ಇರಲಿಲ್ಲ. ‘ಗುಂಡಿ ಸಾಲಲಿಲ್ಲ. ತಿಂಗಳೊಪ್ಪತ್ತಿಗೆ ಹಗ್ಗ ಬೇಕು ಅಂದವರು ತಾವು. ಹರಿಯೋ ನೀರು ಅಂತ ಕಾಲುವೆಗೆ ಹಾಕಿದ್ವಿ.’

‘ಹರಿದು ಬಂದು ನಿಲ್ಲೋದು ಇಲ್ಲಿ ಸಣ್ಣೀರ’ ಎಂದಳು ಮಾಳವ್ವ. ‘ನಾವೆಲ್ಲ ಮೊಗೆದು ಕುಡಿಯೋದೂ ಇಲ್ಲೇ.’

ಆದರೆ ನಾಗತಿ ಬಿಡಲಿಲ್ಲ. ಕಾಲುವೆಯ ಕೊಳೆಯನ್ನು ನಾಳೆ ತೆಗೆಸಿದರಾಯಿತು, ಹರಕೆಯ ಹೊತ್ತು ಮೀರಬಾರದು ಎಂಬುದು ಆಕೆಯ ಹಟ. ‘ಕಣ್ಣಿಲ್ವೇನೇ ನಿನಗೆ? ನೋಡು, ಅಷ್ಟೂ ಬಾಯಿ ತೆರಕೊಂಡು ನಿಂತಾವೆ. ಹಸಿದವರ ಬಾಯಿಗೆ ಅಡ್ಡ ಕೈ ಇಡೋಳು ನೀನೆಂಥ ಹೆಂಗಸು!’ ಎಂದಳು.

ಮಾಳವ್ವ ಮುರಿದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲೇರಿ ಹೋಗಿ ನಾಗತಿಯ ಮುಂದೆ ನಿಂತಳು. ಅಷ್ಟು ಹತ್ತಿರ ಹೋಗುವ ಹಕ್ಕು ಅವಳಿಗಿರಲಿಲ್ಲ. ಆದರೂ ಯಾರೂ ತಡೆಯಲಿಲ್ಲ. ‘ಅವ್ವಾ, ನಿಮ್ಮ ಮಡಿಲಾಗಿರೋ ಕೂಸೂ ಬಾಯಿ ತೆರಕೊಂಡೈತೆ. ಅದರ ಬಾಯಿಗೆ ಈಗ ಅನ್ನ ತುರುಕ್ತೀರಾ?’

ನಾಗತಿ ಕೆಳಗೆ ನೋಡಿದಳು. ಕೂಸಿನ ತುಟಿ ಒಣಗಿ ಬಿರಿದಿತ್ತು. ಬಾಯಿ ದುಂಡಗೆ ತೆರೆದು, ಮುಚ್ಚಿ, ಮತ್ತೆ ತೆರೆಯುತ್ತಿತ್ತು. ಪಕ್ಕೆಲುಬು ಒಳಕ್ಕೆ ಹೋಗಿ ಹೊರಕ್ಕೆ ಬರುತ್ತಿತ್ತು. ಅವಳು ಬಹಳ ಹೊತ್ತು ಆ ಬಾಯಿಯನ್ನು ನೋಡಿದಳು, ಆಮೇಲೆ ನೀರನ್ನು ನೋಡಿದಳು. ‘ನಾನೂ ಒಂಬತ್ತು ದಿನ ಹಾಕಿದೆ ಅವ್ವಾ’ ಎಂದಳು ಮಾಳವ್ವ. ‘ಪ್ರೀತಿಯಿಂದಲೇ ಹಾಕಿದೆ.’ ನಾಗತಿ ಎದ್ದು, ಅನ್ನವನ್ನು ಬಂಡಿಗಳಿಗೆ ತುಂಬಿ ಊರಿನವರಿಗೆ ಹಂಚಿರಿ, ಒಂದು ಅಗುಳೂ ಈ ನೀರಿಗೆ ಬೀಳಬಾರದು ಎಂದಳು. ಕಾಲುವೆಯ ಕಡೆಗೆ ಆಳುಗಳನ್ನು ಓಡಿಸಿದಳು.

ಕಂತೆಗಳನ್ನೆಲ್ಲ ಎತ್ತಿ, ಕಾಲುವೆಗೆ ಮಣ್ಣಿನ ಅಡ್ಡಗಟ್ಟೆ ಹಾಕಿ, ಕೊಳೆನೀರನ್ನು ಬಯಲಿಗೆ ತಿರುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಆದರೆ ಹೊಂಡದೊಳಗಿನ ನೀರು ಕೆಟ್ಟದ್ದು ಕೆಟ್ಟೇ ಇತ್ತು. ಆಗ ಮಾಳವ್ವ ಹೇಳಿದ ಕೆಲಸ ಜನರಿಗೆ ಹುಚ್ಚು ಎನಿಸಿತು. ಕೊಡ ತುಂಬ ಹೊಂಡದ ನೀರನ್ನೇ ಮೊಗೆದು, ತಲೆಯ ಮೇಲೆತ್ತಿ, ಅದೇ ಹೊಂಡಕ್ಕೆ ಸುರಿಯಬೇಕು. ಸುರಿದದ್ದನ್ನು ಮತ್ತೆ ಮೊಗೆಯಬೇಕು. ಎತ್ತರದಿಂದ ಬಿದ್ದ ನೀರು ಗಾಳಿಯನ್ನು ಒಳಗೆ ಒಯ್ಯುತ್ತದೆ ಎಂಬುದು ಅವಳ ತರ್ಕ; ಹೊಳೆಯಲ್ಲಿ ಬಂಡೆಗಳ ಮೇಲಿಂದ ನೀರು ಧುಮುಕುವ ಕಡೆ ಮೀನು ಎಂದೂ ಬಾಯಿ ಬಡಿಯುವುದಿಲ್ಲ ಎಂದು ಅವಳು ಬಲ್ಲಳು. ಮೊದಲು ಬೆಸ್ತರು ಇಳಿದರು, ಆಮೇಲೆ ಹಗ್ಗ ಹೊಸೆಯುವವರು. ಬೈದ ಹೆಂಗಸರೂ ಸೆರಗು ಕಟ್ಟಿ ಇಳಿದರು. ಸಂಜೆಯ ಹೊತ್ತಿಗೆ ನಾಲ್ಕು ಬದಿಯಲ್ಲೂ ಸಾಲು ಸಾಲು ಜನ ನೀರೆತ್ತಿ ಸುರಿಯುತ್ತಿದ್ದರು. ಮೂರು ದಿನ ಹೀಗೆ ನಡೆಯಿತು. ಸಾಯುವವು ಸಾಯುತ್ತಲೇ ಇದ್ದವು. ಸಣ್ಣೀರಪ್ಪ ಒಂದು ಕೈಯಲ್ಲಿ ಸುರಿದು ಇನ್ನೊಂದು ಕೈಯಲ್ಲಿ ಹೊಟ್ಟೆ ಮೇಲಾದ ಗೆಂಡೆಗಳನ್ನು ದಡಕ್ಕೆ ಎತ್ತಿ ಹಾಕುತ್ತಿದ್ದ.

ನಾಲ್ಕನೆಯ ಬೆಳಗ್ಗೆ ಜನ ಬಂದು ನೋಡಿದಾಗ ನೀರಿನ ಮೇಲೆ ಒಂದು ಬಾಯಿಯೂ ಇರಲಿಲ್ಲ. ಹೊಂಡ ಕನ್ನಡಿಯ ಹಾಗೆ ನಿಂತಿತ್ತು. ಎಲ್ಲವೂ ಮುಗಿಯಿತು, ಒಂದೂ ಉಳಿಯಲಿಲ್ಲ ಎಂದು ಸಣ್ಣೀರಪ್ಪ ಕೊಡ ಕೆಳಗಿಟ್ಟು ಹಣೆ ಬಡಿದುಕೊಂಡ. ಹೆಂಗಸರು ಅಳತೊಡಗಿದರು. ಮಾಳವ್ವ ಮಾತ್ರ ನೀರಿಗೆ ಕಿವಿಗೊಟ್ಟವಳಂತೆ ಬಗ್ಗಿ ನೋಡಿ, ಆ ಹದಿನೈದು ದಿನಗಳಲ್ಲಿ ಮೊದಲ ಬಾರಿಗೆ ನಕ್ಕಳು. ‘ಅಳಬೇಡ್ರೇ’ ಎಂದಳು. ‘ಕೆಳಗಿಳಿದಾವೆ. ಇನ್ನು ನಮ್ಮನ್ನ ಕೇಳೋದು ಏನೂ ಇಲ್ಲ ಅವಕ್ಕೆ.’

ಕೂಸಿನ ವಿಷಯದಲ್ಲಿ ಎರಡು ಹೇಳಿಕೆಗಳಿವೆ. ಹೊಂಡದ ನೀರು ಬಿಡಿಸಿ ಹೊಳೆಯ ಒರತೆಯ ನೀರು ಕಾಯಿಸಿ ಕೊಟ್ಟ ಮೇಲೆ ಅದು ಬದುಕಿ, ಮುಂದೆ ಪಾಳೆಯಪಟ್ಟನ್ನು ಆಳಿತು ಎಂದು ಊರಿನವರು ಹೇಳುತ್ತಾರೆ. ಹಂಪವ್ವನ ಮನೆಯಲ್ಲಿ ಹಾಗೆ ಹೇಳುವುದಿಲ್ಲ. ಕೂಸು ಆ ವಾರವೇ ಹೋಯಿತು, ನೀರು ಅಷ್ಟರಲ್ಲೇ ತನ್ನ ಕೆಲಸ ಮುಗಿಸಿತ್ತು, ಎನ್ನುತ್ತಾರೆ. ಮೂರು ಸಲವೂ ಆಕೆ ನನಗೆ ಹೇಳಿದ್ದು ಇದನ್ನೇ. ಹೆಸರಿನ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. ವರ್ಷಗಳು ಕಳೆದು ಮಾಳವ್ವ ತೀರಿಕೊಂಡಾಗ, ಮುದುಕಿಯಾಗಿದ್ದ ನಾಗತಿಯೇ ಹೊಂಡದ ಮೂಲೆಯಲ್ಲಿ ಅವಳ ಕಲ್ಲು ನಿಲ್ಲಿಸಿದಳು. ಪೂಜಾರಿ ಮೀನಾಂಬಿಕೆ ಎಂದು ಹೆಸರಿಡೋಣ ಎಂದ, ಜಲದುರ್ಗೆ ಎಂದ. ನಾಗತಿ ಒಪ್ಪಲಿಲ್ಲ. ‘ಅವತ್ತು ನಾವೆಲ್ಲ ಏನಂತ ಕೂಗಿದ್ವೋ ಅದನ್ನೇ ಇಡ್ರಿ. ನಾವು ಕೂಗಿದ್ದು ನಮ್ಮ ಮಕ್ಕಳಿಗೂ ಕೇಳಲಿ’ ಎಂದಳು. ಹೀಗಾಗಿ ಬೈಗುಳಕ್ಕೆ ಅಮ್ಮ ಎಂಬುದು ಸೇರಿ ದೇವಿಯ ಹೆಸರಾಯಿತು, ದೇವಿಯಿಂದ ಹೊಂಡದ ಹೆಸರಾಯಿತು.

ಇಂದಿಗೂ ಹೊತ್ತು ಮೂಡುವಾಗ ಬೆಸ್ತರ ಮನೆಯ ಹೆಂಗಸು ಮೆಟ್ಟಿಲಿಳಿದು ಬರುತ್ತಾಳೆ, ಆದರೆ ಬರಿಗೈಯಲ್ಲಿ. ನೀರಿನ ಅಂಚಿನಲ್ಲಿ ಕುಳಿತು ಮೇಲ್ಮೈಯನ್ನು ನೋಡುತ್ತಾಳೆ, ಏನೂ ಕಾಣದಿದ್ದರೆ ನಮಸ್ಕಾರ ಮಾಡಿ ಹೋಗುತ್ತಾಳೆ. ಇಲ್ಲಿನ ಮೀನುಗಳ ಖ್ಯಾತಿ ಕೇಳಿ ದೂರದಿಂದ ಬಂದವರು ಮೊದಲೆಲ್ಲ ನಿರಾಶರಾಗಿಯೇ ಹಿಂದಿರುಗುತ್ತಿದ್ದರು. ಗಂಟೆಗಟ್ಟಲೆ ಕಾದರೂ ಆಳದಲ್ಲಿ ಒಂದು ಮಸುಕು ನೆರಳು ಸರಿದದ್ದು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಗೊಣಗಿದವರಿಗೆ ಹಂಪವ್ವ, ‘ಕಾಣಲಿಲ್ಲಂದ್ರೆ ಚೆಂದಾಗಿದಾವೆ ಅಂತ ತಿಳ್ಕೊಳ್ರಿ’ ಎಂದು ಹೇಳಿ ಕಳಿಸುತ್ತಿದ್ದಳು. ಈಗ ತೊರೆಯ ಬದಿಗೆ ಹೊಸ ಬಡಾವಣೆ ಎದ್ದಿದೆ, ಎರಡು ಹೋಟೆಲುಗಳು ಬಂದಿವೆ, ಲಾರಿ ತೊಳೆಯುವ ಕಟ್ಟೆಯೊಂದಿದೆ. ಕಲ್ಲಿನ ದೋಣಿಯಿಂದ ಬೀಳುವ ನೀರಿನ ಬುಡದಲ್ಲಿ ಮಧ್ಯಾಹ್ನದವರೆಗೂ ಬಿಳಿಯ ನೊರೆ ಕರಗದೆ ನಿಂತಿರುತ್ತದೆ. ಕೇಳಿದರೆ, ಹರಿದು ಹೋಗುತ್ತದೆ ಬಿಡಿ, ಎನ್ನುತ್ತಾರೆ.

ಕಳೆದ ಕಾರ್ತಿ‍ಕದಿಂದ ಬಂದವರು ಯಾರೂ ನಿರಾಶರಾಗಿಲ್ಲ. ಬೆಳಗ್ಗೆ ಆರೂವರೆಗೆ ಪೂರ್ವದ ಮೆಟ್ಟಿಲಲ್ಲಿ ನಿಂತರೆ ಸಾಕು, ನೂರಾರು ದುಂಡು ಬಾಯಿಗಳು ನೀರಿನ ಮೇಲೆ ತೆರೆದು ಮುಚ್ಚುವುದನ್ನು ಎಲ್ಲರೂ ಚೆನ್ನಾಗಿ ನೋಡಬಹುದು. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ‘ಪಾಪ, ಎಷ್ಟು ಹಸಿದಿವೆ ನೋಡು’ ಎಂದು ತಾಯಂದಿರು ಬ್ಯಾಗಿನಿಂದ ಬಿಸ್ಕತ್ತಿನ ಪೊಟ್ಟಣ ಹೊರಗೆ ತೆಗೆಯುತ್ತಾರೆ.